ಸ್ಥೂಲಸೂಕ್ಷ್ಮ ರೇಖೆಯ ಅಚ್ಚುಮೊಳೆಯೂ ಕನ್ನಡ ಲಿಪಿಯೂ

ಬೀದರಿನ ಮೈಲೂರಿನಲ್ಲಿ ಈಚೆಗೆ ನಮ್ಮ ಕೈಗೆ ಬಂದ ಲಗ್ನಪತ್ರಿಕೆಯೊಂದರಲ್ಲಿ 'ವಧೂವರರು' ಎಂಬ ಮಾತು 'ವದೂವರರು' ಎಂದು ಕಂಡಿತು. ಕರಡು ತಿದ್ದಿದವರ ತಪ್ಪೆಂದು ಮೊದಲು ಎಣಿಸಿದೆವು. ಬೆಳಕಿಗೆ ಹಿಡಿದು ನೋಡಿದಾಗ ತಪ್ಪು ಅವರದಲ್ಲವೆಂದು ತಿಳಿಯಿತು. ಧಕಾರದ ಅಡಿಯ ಸೀಳು ಇದ್ದೇ ಇತ್ತು. ಆದರೆ ಅದನ್ನು ಕೂದಲೆಳೆಯಂತೆ ಎಳೆದಿದ್ದುದರಿಂದ ಹೊಂಬಣ್ಣದ ಮಸಿಯಲ್ಲಿ ಮುಳುಗಿಹೋಗಿತ್ತು. ಅಕ್ಷರವೇನೋ ಚೆಲುವಾಗಿತ್ತು, ಓದು ಕೆಟ್ಟಿತ್ತು. ಇಂತಹ ಅಕ್ಷರವಿನ್ಯಾಸದ ಗುಣದೋಷಗಳನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಒಂದು ಗೆರೆ ಬಹು ದಪ್ಪ, ಅದರ ಪಕ್ಕದ್ದು ಬಹು ತೆಳು, ಗೆರೆಯ ತುದಿಗೆ ಸೆರಿಫ್ ಎಂಬ ಸಣ್ಣ ಅಡ್ಡಗೀಟು: ಈ ಲಕ್ಷಣಗಳುಳ್ಳ ರೋಮನ್ ಮೊಳೆಗಳು 18ನೆಯ ಶತಮಾನದ ಕೊನೆಯಲ್ಲಿ ಪ್ಯಾರಿಸಿನ ದಿದೋ ಮನೆತನದವರಿಂದಲೂ ಪಾರ್ಮಾದ ಬೊಡೋನಿಯಿಂದಲೂ (1740-1813) ರೂಪುಗೊಂಡುವು. ಬೊಡೋನಿಯ ಮೊಳೆಗಳ ಮಾದರಿಗ್ರಂಥವನ್ನು ಅವನ ವಿಧವೆ 1818ರಲ್ಲಿ ಎರಡು ಸಂಪುಟಗಳಾಗಿ ಹೊರತಂದಳು. ನುಣುಪಾದ ಕಾಗದ, ವಿಶಾಲವಾದ ಅಂಚು, ದೊಡ್ಡ ಗಾತ್ರ ಇವಿದ್ದರೆ ಆ ಅಕ್ಷರದ ಗಾಂಭೀರ್ಯಕ್ಕೆ ಎಣೆಯಿಲ್ಲ. ಫ್ಯಾಷನ್ ಪತ್ರಿಕೆಗಳ ತಲೆಬರಹಗಳಲ್ಲಿ ಅದು ಇಂದಿಗೂ ಮೆರೆಯುತ್ತಿದೆ. ಅದನ್ನೇ ಕಿರಿದಾಗಿಸಿ ಒರಟು ಕಾಗದದ ಪುಟ ತುಂಬಿದರೆ ದಪ್ಪ ಗೆರೆಗಳು ಬೇಲಿಯ ಗೂಟಗಳಂತೆ ನಿಂತು ತೆಳು ಗೆರೆಗಳು ಮಾಯವಾಗುತ್ತವೆ. ಇಂಗ್ಲಿಷಿನ 'ಇ' ಅಕ್ಷರ 'ಸಿ'ಯಂತೆ ಕಂಡೀತೆಂಬ ಭಯ ಅಲ್ಲಿಯೂ ಉಂಟು. ಆದರೆ ಕನ್ನಡದಲ್ಲಿ ಆಗುವ ಹಾನಿ ಅದಕ್ಕಿಂತ ಹಿರಿದು.

ಕಾರಣ ಸ್ಪಷ್ಟವಾಗಿದೆ. ನಮ್ಮ ಲಿಪಿ ತಾಳೆಗರಿಯ ಮೇಲೆ ಕಂಟದ ಮೊನೆಯಿಂದ ಪಳಗಿದುದು. ಮೊನೆ ಯಾವ ಕಡೆಗೆ ತಿರುಗಿದರೂ ಗೆರೆಯ ದಪ್ಪ ಒಂದೇ. ಆದುದರಿಂದ ಅಕ್ಷರಭೇದದ ಭಾರವೆಲ್ಲ ಗೆರೆಯ ತಿರುವುಗಳ ಮೇಲೆ, ಪುಟ್ಟ ಗುರುತುಗಳ ಮೇಲೆ ಬಿದ್ದಿದೆ. ದ-ಧ, ಪ-ಫ, ಡ-ಢ ಇವುಗಳ ನಡುವೆ ಇರುವುದು ಒಂದು ಸೀಳು; ದನವೂ ಧನವೂ ಬೇರೆಯಾಗುವುದು ಅಷ್ಟರಿಂದಲೇ. ಮೇಲಾಗಿ ಒತ್ತಕ್ಷರಗಳು. ಮುಖ್ಯಾಕ್ಷರವೇ ಕೂದಲೆಳೆಯನ್ನು ಹೊತ್ತಿದ್ದರೆ ಅದರ ಅಡಿಯಲ್ಲಿ ಕುಗ್ಗಿ ಕುಳಿತ ಒತ್ತಿನ ಪಾಡು ಏನಾಗಬೇಕು?

ಲಗ್ನಪತ್ರಿಕೆಯಲ್ಲಿ ಇದು ನಗೆಯ ಮಾತಾಗಿ ಮುಗಿಯುತ್ತದೆ. ಗ್ರಂಥಸಂಪಾದನೆಯಲ್ಲಿ ಹಾಗಾಗದು. ಓಲೆಪ್ರತಿಗಳಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳ ಭೇದ ಅನೇಕ ಕಡೆ ಉಳಿದಿರುವುದಿಲ್ಲವೆಂಬುದು ಓಲೆ ಓದಿದವರಿಗೆಲ್ಲ ತಿಳಿದ ಸಂಗತಿ. ಸಂಪಾದಕನು ಪ್ರತಿಗಳನ್ನು ತೂಗಿ ನೋಡಿ ಒಂದು ಪಾಠವನ್ನು ನಿರ್ಣಯಿಸುತ್ತಾನೆ. ಬಿಟ್ಟ ಪಾಠವನ್ನು ಅಡಿಟಿಪ್ಪಣಿಯಲ್ಲಿ ಕೊಡುತ್ತಾನೆ. ಆ ಅಡಿಟಿಪ್ಪಣಿಯೇ ಪುಟದಲ್ಲೆಲ್ಲ ಅತಿ ಸಣ್ಣ ಮೊಳೆಯದು. ಅಲ್ಲಿ ಸೀಳು ಅಳಿಸಿದರೆ ಎರಡು ಪಾಠಗಳೂ ಒಂದೇ ಆಗಿ ಕಂಡು, ವರ್ಷಗಳ ಶ್ರಮ ವಿದ್ಯಾರ್ಥಿಯ ಕಣ್ಣಿಗೆ ಬೀಳದೆ ಹೋಗುತ್ತದೆ.

ಹಾಗಾದರೆ ದಪ್ಪ-ತೆಳುವಿನ ಏರಿಳಿತವೇ ಕನ್ನಡಕ್ಕೆ ಒಗ್ಗದೇ? ಹಾಗೆನ್ನಲು ನಾವು ಸಿದ್ಧರಿಲ್ಲ. ಬೀದರಿನ ಹೊರವಲಯದ ಅಷ್ಟೂರಿನಲ್ಲಿ ಹಜರತ್ ಖಲೀಲುಲ್ಲಾ ಅವರ ಚೌಖಂಡಿಯ ಮೇಲೆ 15ನೆಯ ಶತಮಾನದ ಶಿಲಾಲಿಪಿಯಿದೆ. ಅರಬ್ಬಿ ಬರಹದ ಸುಲುಸ್ ಶೈಲಿಯ ಅದನ್ನು ಬರೆದವನು ಮುಗೀಸ್ ಶಿರಾಜಿ. ಅಕ್ಷರ ಬಾರದವನೂ ಅಲ್ಲಿ ಗೆರೆ ಉಬ್ಬಿ ಇಳಿಯುವುದನ್ನು ಕಂಡು ನಿಲ್ಲುತ್ತಾನೆ. ಆ ಏರಿಳಿತ ಓರೆಯಾಗಿ ಕತ್ತರಿಸಿದ ಜೊಂಡಿನ ಲೇಖನಿಯಿಂದ ಬಂದುದು. ಲೇಖನಿ ತಿರುಗಿದ ಕಡೆ ಗೆರೆ ತಾನಾಗಿಯೇ ದಪ್ಪವಾಗುತ್ತದೆ. ಕಲ್ಲುಕುಟಿಗನು ಲೇಖನಿಯ ನಡೆಯನ್ನು ಕೈಬಿಡಲಿಲ್ಲ. ಬೊಡೋನಿಯ ದಪ್ಪ-ತೆಳುವನ್ನು ಕನ್ನಡದ ಮೇಲೆ ಅಂಟಿಸುವವರು ಮರೆಯುವುದು ಇದನ್ನೇ.

ಇನ್ನೊಂದು ನಿದರ್ಶನವೂ ಈ ನಾಡಿಗೆ ಹತ್ತಿರದ್ದು. 1956ರವರೆಗೆ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ಈ ಜಿಲ್ಲೆಯಲ್ಲಿ ಕಚೇರಿಯ ಭಾಷೆ ಉರ್ದು. (ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗಿಸಿ ಒಳಗೆ ಕನ್ನಡ ಕಲಿಸಿದರೆಂದು ಇಲ್ಲಿಯ ಜನ ಇಂದಿಗೂ ಹೇಳುವರು.) ಉರ್ದುವಿನ ನಸ್ತಾಲೀಖ್ ಬರಹ ಸ್ಥೂಲಸೂಕ್ಷ್ಮ ರೇಖೆಗಳ ಲೀಲೆ. ಸೀಸದ ಮೊಳೆಯಲ್ಲಿ ಅದು ಸರಿಯಾಗಿ ಒಡಮೂಡದಿದ್ದಾಗ ಆ ಓದುಗರು ಮೊಳೆಯನ್ನೇ ಬಹುಕಾಲ ಒಲ್ಲೆನೆಂದರು. ಕಾತಿಬನ ಕೈಬರಹವನ್ನೇ ಕಲ್ಲಚ್ಚಿಗೆ ಇಳಿಸಿದರು. 1981ರಲ್ಲಿ ನೂರಿ ನಸ್ತಾಲೀಖ್ ಎಂಬ ಯಂತ್ರಾಕ್ಷರ ಬಳಕೆಗೆ ಬಂದ ಮೇಲೆಯೇ ಆ ತೊಡಕು ಸಡಿಲವಾಯಿತು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವೂ 1843ರಲ್ಲಿ ಕಲ್ಲಚ್ಚಿನಲ್ಲಿಯೇ ಹೊರಟಿತು. ಆದರೆ ನಾವು ಬೇಗ ಮೊಳೆಗೆ ಒಗ್ಗಿಕೊಂಡೆವು. ಅನುಕೂಲವಾಯಿತು, ನಿಜ, ಕೈಬರಹದ ನಡೆಯನ್ನು ಪರೀಕ್ಷಿಸುವ ಹಟ ಮಾತ್ರ ನಮ್ಮಲ್ಲಿ ಬೆಳೆಯಲಿಲ್ಲ.

ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿದ ಪ್ರಯತ್ನವೆಂದರೆ ಮೂರ್ತಿ ಕ್ಲಾಸಿಕಲ್ ಲೈಬ್ರರಿಗಾಗಿ ಸಿದ್ಧವಾದ ಕನ್ನಡ ಅಕ್ಷರ. ರಾಘವಾಂಕನ ಹರಿಶ್ಚಂದ್ರಕಾವ್ಯ ಆ ಮಾಲೆಯಲ್ಲಿ 2017ರಲ್ಲಿ ಬಂದಿತು. ಇದೇ ಅಕ್ಷರ ಮುಂದೆ ಟೈರೋ ಕನ್ನಡ ಎಂಬ ಹೆಸರಿನಿಂದ ಎಲ್ಲರಿಗೂ ಉಚಿತವಾಗಿ ದೊರೆಯಿತು. ಇದರಲ್ಲಿ ಗೆರೆಯ ಏರಿಳಿತ ಉಂಟು, ತಲೆಕಟ್ಟಿಗೆ ಬಿಗಿ ಉಂಟು, ಒತ್ತುಗಳು ಉಸಿರಾಡುತ್ತವೆ. ಲಗ್ನಪತ್ರಿಕೆಯ ಬೆಡಗನ್ನು ಬಯಸುವವರಿಗೆ ಇದು ಸಪ್ಪೆಯೆನಿಸೀತು. ಅವರು ಕೂದಲೆಳೆಯ ಅಕ್ಷರವನ್ನು ಗ್ರಂಥದ ಹೊದಿಕೆಯಲ್ಲಿ, ಅಂಗುಲ ಎತ್ತರದ ತಲೆಬರಹದಲ್ಲಿ ಧಾರಾಳವಾಗಿ ಬಳಸಲಿ. ಒಳಪುಟಕ್ಕೆ ಅಕ್ಷರ ಆರಿಸುವ ಸಂಪಾದಕರು ಮಾತ್ರ 'ಧನ', 'ಫಲ', 'ಜ್ಞಾನ', 'ರಾಷ್ಟ್ರ' ಎಂಬ ನಾಲ್ಕು ಮಾತುಗಳನ್ನು ಅಡಿಟಿಪ್ಪಣಿಯ ಗಾತ್ರದಲ್ಲಿ, ಅಗ್ಗದ ಕಾಗದದ ಮೇಲೆ ಒಮ್ಮೆ ಅಚ್ಚು ಹಾಕಿಸಿ ನೋಡಬೇಕು.