ತೊಲೆಯ ‘ಮಧ್ಯ’ ಯಾವುದು?

‘ಏಕರೂಪ ಬಾಗುವಿಕೆ’ ಪ್ರಯೋಗ ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ಚಿರಪರಿಚಿತ. ಮರದ ಮೀಟರ್ ಪಟ್ಟಿಯನ್ನು ಎರಡು ಅಲಗುಗಳ ಮೇಲಿಟ್ಟು, ಹೊರಚಾಚಿದ ತುದಿಗಳಿಗೆ ಸಮನಾದ ತೂಕ ತೂಗುಹಾಕಿ, ನಡುವಿನ ಗುಂಡುಸೂಜಿ ಎಷ್ಟು ಮೇಲೇರಿತೆಂದು ಅಳೆಯುತ್ತಾರೆ. ಯಂಗ್ ಗುಣಾಂಕ ಸಿಗುತ್ತದೆ. ರೆಕಾರ್ಡ್ ಪುಸ್ತಕಕ್ಕೆ ಸಹಿ ಬೀಳುತ್ತದೆ. ಪ್ರಯೋಗ ಸೊಗಸಾದುದೇ. ಆದರೆ ತೊಲೆಯ ಬಗ್ಗೆ ಅದು ಕಲಿಸುವುದು ಅರ್ಧ ಪಾಠ ಎಂಬುದು ನನ್ನ ಆಕ್ಷೇಪಣೆ.

ಶಿವಮೊಗ್ಗದ ಹಳೆಯ ಮನೆಯೊಂದರಲ್ಲಿ ನೀರಿನ ಪೈಪು ಹಾಯಿಸಲು ತೊಲೆಗೆ ತೂತು ಕೊರೆಯಬೇಕಾಗಿದೆ ಎನ್ನೋಣ. ‘ಮಧ್ಯದಲ್ಲಿ ಕೊರೆದರೆ ಅಪಾಯವಿಲ್ಲ’ ಎಂದು ವಿದ್ಯಾರ್ಥಿ ಹೇಳಬಹುದು. ಯಾವ ಮಧ್ಯ? ಎತ್ತರದ್ದೋ, ಉದ್ದದ್ದೋ?

ಮೊದಲು ಎತ್ತರ. ಹೊರೆ ಬಿದ್ದಾಗ ತೊಲೆಯ ಮೇಲಂಚು ಕುಗ್ಗುತ್ತದೆ, ಕೆಳಂಚು ಹಿಗ್ಗುತ್ತದೆ. ನಡುವಿನ ತಟಸ್ಥ ಪದರ ಎರಡನ್ನೂ ಮಾಡುವುದಿಲ್ಲ. 30 ಸೆಂ.ಮೀ. ಎತ್ತರದ ತೊಲೆಯ ನಡು ಎತ್ತರದಲ್ಲಿ 10 ಸೆಂ.ಮೀ. ವ್ಯಾಸದ ತೂತು ಕೊರೆದರೆ, ಬಾಗುವಿಕೆಯನ್ನು ತಡೆಯುವ ಸಾಮರ್ಥ್ಯ ಅಲ್ಲಿ ಕಡಿಮೆಯಾಗುವುದು ಸುಮಾರು 27ರಲ್ಲಿ 1 ಪಾಲು ಮಾತ್ರ. ಅದೇ 10 ಸೆಂ.ಮೀ.ಯನ್ನು ಕೆಳಂಚಿನಿಂದ ಕಚ್ಚು ಹಾಕಿ ತೆಗೆದರೆ ಉಳಿಯುವುದು 9ರಲ್ಲಿ 4 ಪಾಲು. ಕಚ್ಚಿನ ಮೂಲೆಯಿಂದ ಸೀಳು ಹೊರಡುವ ಅಪಾಯ ಬೇರೆ.

ಇನ್ನು ಉದ್ದ. ಎರಡು ಗೋಡೆಗಳ ಮೇಲೆ ಕುಳಿತು ಉದ್ದಕ್ಕೂ ಸಮನಾಗಿ ಹೊರೆ ಹೊತ್ತ ತೊಲೆಯಲ್ಲಿ ಬಾಗಿಸುವ ಪರಿಣಾಮ ನಡುವಿನಲ್ಲಿ ಗರಿಷ್ಠ. ಪದರಗಳನ್ನು ಒಂದರ ಮೇಲೊಂದು ಜಾರಿಸಲು ಯತ್ನಿಸುವ ಕತ್ತರಿ ಬಲ ನಡುವಿನಲ್ಲಿ ಸೊನ್ನೆ, ಗೋಡೆಯ ಬಳಿ ಗರಿಷ್ಠ. ಈ ಜಾರಿಕೆಯ ಒತ್ತಡ ಹೆಚ್ಚಿರುವುದು ನಡು ಎತ್ತರದಲ್ಲೇ! ಮರವಾದರೋ ನಾರಿನ ಗುಂಟ ಸುಲಭವಾಗಿ ಸೀಳುವ ವಸ್ತು. ಆದ್ದರಿಂದ ಗೋಡೆಯ ಪಕ್ಕದಲ್ಲಿ ‘ಮಧ್ಯದ’ ತೂತೂ ಅಪಾಯಕಾರಿ. ನಮ್ಮ ಪ್ರಯೋಗದಲ್ಲಿ, ಪಟ್ಟಿಯ ಸ್ವಂತ ತೂಕ ಬಿಟ್ಟರೆ, ಅಲಗುಗಳ ನಡುವೆ ಕತ್ತರಿ ಬಲವೇ ಇರುವುದಿಲ್ಲ. ಹೀಗಾಗಿ ವಿದ್ಯಾರ್ಥಿಗೆ ಅದರ ಪರಿಚಯವೇ ಆಗುವುದಿಲ್ಲ.

1923ರಲ್ಲಿ ಕಬ್ಬಿಣ ತಯಾರಿಕೆ ಆರಂಭವಾದ ಭದ್ರಾವತಿಯವರಿಗೆ ‘ಐ’ ಅಕ್ಷರದಾಕಾರದ ಉಕ್ಕಿನ ತೊಲೆ ಹೊಸದಲ್ಲ. ಇದೇ ಆಕಾರದ ತೊಲೆಗಳನ್ನು ಈಗ ಮರದ ಪದರ, ಹಲಗೆಗಳನ್ನು ಅಂಟಿಸಿಯೂ ತಯಾರಿಸುತ್ತಾರೆ. ಮೇಲಿನ ಮತ್ತು ಕೆಳಗಿನ ಪಟ್ಟಿಗಳು ಬಾಗುವಿಕೆಯನ್ನೂ ನಡುವಿನ ತೆಳು ಹಲಗೆ ಕತ್ತರಿ ಬಲವನ್ನೂ ತಡೆಯುತ್ತವೆ. ಪಟ್ಟಿಗಳನ್ನು ಎಂದೂ ಕತ್ತರಿಸಬಾರದು. ನಡುಹಲಗೆಯ ತೂತಿನ ಗಾತ್ರ, ಆಧಾರದಿಂದ ಅದಕ್ಕಿರಬೇಕಾದ ದೂರ – ಇವನ್ನು ತಯಾರಕರ ಕೋಷ್ಟಕ ನೋಡಿಯೇ ನಿರ್ಧರಿಸಬೇಕು. ಹಳೆಯ ತೊಲೆಗಾದರೆ ಎಂಜಿನಿಯರರ ಸಲಹೆ ಅಗತ್ಯ.

ಅಧ್ಯಾಪಕರಲ್ಲಿ ಒಂದು ವಿನಂತಿ. ಒಂದೇ ಮರದ ಮೂರು ರೀಪರ್ ತುಂಡುಗಳನ್ನು ಅಂಚಿನ ಮೇಲೆ ನಿಲ್ಲಿಸಿ – ಒಂದು ಇಡಿಯಾಗಿ, ಒಂದಕ್ಕೆ ನಡು ಎತ್ತರದಲ್ಲಿ ತೂತು, ಒಂದಕ್ಕೆ ಕೆಳಂಚಿನಲ್ಲಿ ಕಚ್ಚು. ನಡುವೆ ಬಕೆಟ್ ತೂಗುಹಾಕಿ, ಮುರಿಯುವವರೆಗೆ ಮರಳು ತುಂಬಿಸಿ, ಕಾಲು ದೂರವಿರಲಿ. ಆಮೇಲೆ ಶಿವಪ್ಪನಾಯಕ ಅರಮನೆಗೆ ಕರೆದೊಯ್ದು, ಅಲ್ಲಿನ ತೊಲೆ ತೋರಿಸಿ, ಕತ್ತರಿ ಬಲ ಎಲ್ಲಿ ಹೆಚ್ಚೆಂದು ಕೇಳಿ. ಉತ್ತರ ಬಂದರೆ ಉಳಿದರ್ಧ ಪಾಠವೂ ಮುಗಿದಂತೆ.