ಮುನ್ನೆಲೆಯ ಮನುಷ್ಯ: ಸ್ಟೀರಿಯೋಕಾರ್ಡ್ ಸಂಗ್ರಹವನ್ನು ಓದುವ ಬಗೆ

ತಿರುಪ್ಪೂರಿನಿಂದ ಮಾತಾಡ್ತಿದ್ದೇನೆ. ಹಳೆಯ ಸ್ಟೀರಿಯೋಕಾರ್ಡುಗಳನ್ನು ಕೂಡಿಡುವವರು ಅವುಗಳಲ್ಲಿ ಏನನ್ನು ನೋಡುತ್ತಾರೆ, ಏನನ್ನು ಬಿಟ್ಟುಬಿಡುತ್ತಾರೆ ಅನ್ನೋದು ಇವತ್ತಿನ ನನ್ನ ಪ್ರಶ್ನೆ.

ಮೊದಲು ವಸ್ತುವಿನ ಬಗ್ಗೆ ಎರಡು ಮಾತು. ನಮ್ಮ ಕಣ್ಣುಗಳ ನಡುವೆ ಸುಮಾರು 6.5 ಸೆಂಟಿಮೀಟರ್ ಅಂತರವಿದೆ. ಹೆಚ್ಚುಕಡಿಮೆ ಅಷ್ಟೇ ಅಂತರದಿಂದ ತೆಗೆದ ಎರಡು ಚಿತ್ರಗಳನ್ನು ಒಂದೇ ರಟ್ಟಿಗೆ ಅಂಟಿಸಿ ಮಸೂರಗಳ ಮೂಲಕ ನೋಡಿದರೆ, ಮಿದುಳು ಎರಡನ್ನೂ ಕೂಡಿಸಿ ಆಳವನ್ನು ಕಾಣುತ್ತದೆ. ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲಿ ವಿವರಿಸಿದ ತತ್ವ ಇದು. ಆದರೆ ದೂರದ ಗೋಪುರ ಎರಡು ಕಣ್ಣಿಗೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತದೆ. ಅದರಲ್ಲಿ ಆಳ ಹುಟ್ಟೋದಿಲ್ಲ. ಹತ್ತಿರದಲ್ಲಿ ಏನಾದರೂ ಬೇಕು: ಒಂದು ಮರ, ಒಂದು ಗಾಡಿ, ಒಬ್ಬ ಮನುಷ್ಯ.

ನನ್ನ ವಾದ ಇಲ್ಲಿಂದ ಶುರುವಾಗುತ್ತದೆ. 1907ರಲ್ಲಿ ಅಂಡರ್‌ವುಡ್ ಅಂಡ್ ಅಂಡರ್‌ವುಡ್ ಕಂಪನಿ ಜೇಮ್ಸ್ ರಿಕಾಲ್ಟನ್ ಅವರ ಭಾರತ ಪ್ರವಾಸದ ಪುಸ್ತಕವನ್ನು ಕಾರ್ಡುಗಳ ಜೊತೆ ಓದಲೆಂದೇ ಪ್ರಕಟಿಸಿತು. ನೋಡುಗ ಎಲ್ಲಿ ನಿಂತಿದ್ದಾನೆ, ಎತ್ತ ನೋಡುತ್ತಿದ್ದಾನೆ ಅಂತ ಗುರುತಿಸುವ ನಕ್ಷೆಗಳೂ ಇದ್ದವು. ಅಮೆರಿಕದ ಮನೆಯಲ್ಲಿ ಕೂತವನಿಗೆ ಇಷ್ಟು ಖಚಿತವಾದ ಜಾಗ ಸಿಕ್ಕಿತು. ಇಂಥ ಕಾರ್ಡುಗಳಲ್ಲಿ ಹಿಂದಿನ ಕಟ್ಟಡಕ್ಕೆ ಹೆಸರಿರುತ್ತದೆ. ಮುಂದೆ ನಿಂತ ಮನುಷ್ಯನಿಗೆ ಸಾಮಾನ್ಯವಾಗಿ ಕಸುಬು, ಇಲ್ಲವೇ ಜಾತಿ ಮಾತ್ರ. ಚಿತ್ರದಲ್ಲಿ ಎಲ್ಲರಿಗಿಂತ ಹತ್ತಿರ ಇರುವವನೇ ದಾಖಲೆಯಲ್ಲಿ ಎಲ್ಲರಿಗಿಂತ ದೂರ.

ಮಾಮೂಲಿ ಫೋಟೋದಲ್ಲೂ ಅಳತೆಗೆ ಜನರನ್ನು ನಿಲ್ಲಿಸುತ್ತಿದ್ದರಲ್ಲ ಅಂತ ನೀವು ಕೇಳಬಹುದು. ನಿಜ. ಆದರೆ ಅಲ್ಲಿ ಅವನು ಗೋಡೆಗೆ ಅಂಟಿಕೊಂಡಂತೆ ಕಾಣುತ್ತಾನೆ; ಇಲ್ಲಿ ಗೋಡೆಯಿಂದ ಬಿಡಿಸಿಕೊಂಡು ನಮ್ಮ ಕಡೆಗೆ ಬಂದು ನಿಲ್ಲುತ್ತಾನೆ. ಅದಕ್ಕೇ, ಪುಸ್ತಕಗಳಲ್ಲಿ ಜೋಡಿಯ ಒಂದೇ ಭಾಗವನ್ನು ಮುದ್ರಿಸುವ ರೂಢಿಗೆ ನನ್ನ ಆಕ್ಷೇಪ ಇದೆ. ಹಾಗೆ ಮಾಡಿದಾಗ ಕಳೆದುಹೋಗೋದು ಅವನೇ.

ಸಂಗ್ರಹಕಾರರು ಕಂಪನಿ, ಸಂಖ್ಯೆ, ಊರು, ರಟ್ಟಿನ ಸ್ಥಿತಿ ನೋಡಿ ಬೆಲೆ ಕಟ್ಟುತ್ತಾರೆ. ಊರಿನ ಹೆಸರನ್ನೇ ನಂಬಿಕೊಂಡರೆ ನಮ್ಮ ಭಾಗಕ್ಕೆ ಸಿಗೋದು ಕಡಿಮೆ. ಮದ್ರಾಸ್ ಸರ್ಕಾರದ ಛಾಯಾಗ್ರಾಹಕ ಲಿನಿಯಸ್ ಟ್ರೈಪ್ 1857ರ ಡಿಸೆಂಬರಿನಲ್ಲಿ ಬೆಂಗಳೂರಿನಿಂದ ಹೊರಟು ಪ್ರವಾಸ ಮಾಡಿದ. 1858ರಲ್ಲಿ ಬಂದ ಅವನ ಸಂಪುಟಗಳ ಹೆಸರಿನಲ್ಲಿ ಸೇಲಂ, ತಿರುಚ್ಚಿ, ತಂಜಾವೂರು, ಮಧುರೆ ಇವೆ. ಅವುಗಳಲ್ಲಿ ಸ್ಟೀರಿಯೋ ಸಂಪುಟಗಳೂ ಇವೆ. ಕೊಯಮತ್ತೂರು ಇಲ್ಲ.

ಹಾಗಾದರೆ ನಾವು ಏನನ್ನು ಕೂಡಿಡೋದು? ಊರಿನ ಬದಲು ಕಸುಬು ಹಿಡಿದು ಹುಡುಕೋಣ ಅನ್ನೋದು ನನ್ನ ಸಲಹೆ. ಈ ಜಿಲ್ಲೆಗಳಲ್ಲಿ ಕನ್ನಡ ಮಾತಾಡುವ ದೇವಾಂಗ ನೇಕಾರ ಮನೆತನಗಳಿವೆ. ಮಗ್ಗದ ಕಾರ್ಡ್ ಕೈಗೆ ಬಂದರೆ ಹಾಸು ಯಾವುದು, ಹೊಕ್ಕು ಯಾವುದು, ಲಾಳಿ ಯಾವ ಕೈಯಲ್ಲಿದೆ ಅಂತ ಅಲ್ಲಿನ ಹಿರಿಯರು ಹೇಳಬಲ್ಲರು. ಕಾರ್ಡಿನ ಹಿಂದೆ ಅಚ್ಚಾದ ಪ್ರವಾಸಿಯ ವಿವರಣೆಯಿಂದ ಈ ತಿಳಿವಳಿಕೆ ಬರೋದಿಲ್ಲ.

ಆದ್ದರಿಂದ ಎರಡೂ ಭಾಗ ಮತ್ತು ಹಿಂಬದಿಯನ್ನು ಸ್ಕ್ಯಾನ್ ಮಾಡೋಣ. ಮೂಲ ಶೀರ್ಷಿಕೆಯನ್ನು ತಿದ್ದದೆ ಉಳಿಸೋಣ, ಪಕ್ಕದಲ್ಲಿ ಮುನ್ನೆಲೆಯವರ ಉಡುಪು, ಸಲಕರಣೆ, ಕೆಲಸದ ಬಗ್ಗೆ ಎರಡನೇ ವಿವರಣೆ ಬರೆಯೋಣ. ಅವರಿಗೆ ಇಲ್ಲದ ಹೆಸರನ್ನು ನಾವು ಕಟ್ಟಿಕೊಡೋದು ಬೇಡ. ಹೆಸರು ದಾಖಲಾಗಿಲ್ಲ ಅನ್ನೋದನ್ನೇ ಸ್ಪಷ್ಟವಾಗಿ ದಾಖಲಿಸೋಣ. ಸಂಗ್ರಹ ಅಷ್ಟು ಮಾಡಿದರೂ ಆ ಕಾರ್ಡುಗಳನ್ನು ಮಾರಿದ ಕಂಪನಿಗಿಂತ ಒಂದು ಹೆಜ್ಜೆ ಮುಂದೆ ಹೋದಂತೆ.

ಪ್ರಶ್ನೆಗಳಿದ್ದರೆ ದಯವಿಟ್ಟು ಕೇಳಿ.