ಮರುಗಾಯನದಲ್ಲಿ ವಕ್ತೃಭೇದ

ಒಬ್ಬರು ಹಾಡಿ ಮುದ್ರಿಸಿದ ಗೀತವನ್ನು ಮತ್ತೊಬ್ಬರು ಹಾಡಿ ಮುದ್ರಿಸುವುದನ್ನು ಪಾಶ್ಚಾತ್ಯ ಜನಪ್ರಿಯ ಸಂಗೀತದಲ್ಲಿ ‘ಕವರ್’ ಎನ್ನುತ್ತಾರೆ. ಇದನ್ನು ನಾವು ಮರುಗಾಯನವೆಂದು ಕರೆಯುತ್ತೇವೆ. ಇದರ ಗುಣವನ್ನು ಮೂಲದೊಡನಿರುವ ಸಾದೃಶ್ಯದಿಂದಲೋ ಕಂಠದ ಮಾಧುರ್ಯದಿಂದಲೋ ಅಳೆಯುವುದು ವಾಡಿಕೆ. ಈ ಎರಡು ಅಳತೆಗೋಲುಗಳೂ ಸಾಲವೆಂಬುದು ನಮ್ಮ ಅಭಿಪ್ರಾಯ.

ಮಮ್ಮಟನು ಕಾವ್ಯಪ್ರಕಾಶದ ಮೂರನೆಯ ಉಲ್ಲಾಸದಲ್ಲಿ, ಅರ್ಥವು ವ್ಯಂಜಕವಾಗಲು ನೆರವಾಗುವ ಅಂಶಗಳನ್ನು ಎಣಿಸುತ್ತ, ಮೊದಲಿಗೆ ವಕ್ತೃ, ಬೋದ್ಧವ್ಯ, ಕಾಕು ಎಂಬ ಮೂರನ್ನು ಹೇಳುತ್ತಾನೆ: ನುಡಿಯುವವರು, ಯಾರನ್ನು ಕುರಿತು ನುಡಿದಿದೆಯೋ ಅವರು, ಕಂಠಸ್ವರದ ವಿಕಾರ. ವಾಕ್ಯವೊಂದೇ ಆದರೂ ಇವು ಬದಲಾದರೆ ಧ್ವನಿ ಬೇರೆಯಾಗುತ್ತದೆ. ಮರುಗಾಯನಕ್ಕೂ ಇದು ತಕ್ಕ ಒರೆಗಲ್ಲು.

ಅಮೆರಿಕದ ‘ರೆಸ್ಪೆಕ್ಟ್’ ಎಂಬ ಗೀತವನ್ನು ಇಲ್ಲಿ ಒರೆಹಚ್ಚಬಹುದು. 1965ರಲ್ಲಿ ಓಟಿಸ್ ರೆಡಿಂಗ್ ಅವರು ಇದನ್ನು ತಾವೇ ರಚಿಸಿ ಹಾಡಿದರು. ಅಲ್ಲಿ ವಕ್ತೃ ದುಡಿದು ಹಣ ತರುವ ಗಂಡಸು. ಮನೆಗೆ ಮರಳಿದಾಗ ತನಗೆ ಮರ್ಯಾದೆ ಸಲ್ಲಬೇಕೆನ್ನುತ್ತಾನೆ. ಕಾಕುವಿನಲ್ಲಿ ಅಪ್ಪಣೆಯೂ ಇದೆ, ಬಿನ್ನಹವೂ ಇದೆ. ಕೇಳುವ ಹೆಣ್ಣು ಮೌನಿ.

1967ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಅರೀಥಾ ಫ್ರಾಂಕ್ಲಿನ್ ಅವರು ಇದನ್ನು ಮುದ್ರಿಸಿದಾಗ ಆ ಮೌನ ಮುರಿಯಿತು. ಮೂಲದ ಬೋದ್ಧವ್ಯಳೇ ಇಲ್ಲಿ ವಕ್ತೃವಾದಳು. ಹಣ ತನ್ನಲ್ಲಿಯೂ ಉಂಟೆಂದು ಆಕೆ ಹೇಳುವಾಗ, ಕೇಳುತ್ತಿರುವುದು ಉಪಕಾರವಲ್ಲ, ಹಕ್ಕು ಎಂಬುದು ಧ್ವನಿತವಾಗುತ್ತದೆ. ಶೀರ್ಷಿಕೆಯ ಏಳು ಅಕ್ಷರಗಳನ್ನು ಬಿಡಿಬಿಡಿಯಾಗಿ ಉಚ್ಚರಿಸುವ ಭಾಗ ಮೂಲದಲ್ಲಿಲ್ಲ. ತಿಳಿಯದವನಿಗೆ ಪಾಠ ಹೇಳುವ ಕಾಕು ಅದು. ಸೋದರಿಯರಾದ ಅರ್ಮಾ, ಕ್ಯಾರೊಲಿನ್ ಹಿಮ್ಮೇಳದಲ್ಲಿ ದನಿಗೂಡಿಸುವುದರಿಂದ ಒಬ್ಬಳ ಮಾತು ಹಲವರ ಮಾತಾಗುತ್ತದೆ. ಕರಿಯರ ಹಕ್ಕಿನ ಹೋರಾಟವೂ ಸ್ತ್ರೀಚಳವಳಿಯೂ ಇದನ್ನು ತಮ್ಮ ಗೀತವೆಂದು ಸ್ವೀಕರಿಸಿದುದು ಆಕಸ್ಮಿಕವಲ್ಲ.

ಇದಕ್ಕೆ ವಿರುದ್ಧವಾದ ನಿದರ್ಶನವೂ ಉಂಟು. ಲಿಟ್ಲ್ ರಿಚರ್ಡ್ ಅವರು 1955ರಲ್ಲಿ ಹಾಡಿದ ‘ಟೂಟಿ ಫ್ರೂಟಿ’ಯನ್ನು ಬಿಳಿಯ ಗಾಯಕ ಪ್ಯಾಟ್ ಬೂನ್ ಅವರು ಮರುಗಾಯಿಸಿದರು, 1956ರ ಜನಪ್ರಿಯತೆಯ ಪಟ್ಟಿಯಲ್ಲಿ ಅದು ಮೂಲವನ್ನು ಮೀರಿತು. ಅಲ್ಲಿ ಕಂಠ ಬದಲಾಯಿತು, ಕಾಕು ಸಪ್ಪೆಯಾಯಿತು, ಹೊಸ ವಕ್ತೃ ಮಾತ್ರ ಹುಟ್ಟಲಿಲ್ಲ. ಮಾರಾಟದ ಗೆಲುವು ಗುಣಕ್ಕೆ ಪ್ರಮಾಣವಾಗದು.

ಹಾಗಾದರೆ ‘ರೆಸ್ಪೆಕ್ಟ್’ ಯಾರದು? ಅಮೆರಿಕದ ಕಾಯಿದೆಯಲ್ಲಿ ಎ.ಎಂ., ಎಫ್.ಎಂ. ರೇಡಿಯೋ ಪ್ರಸಾರದ ಸಂಭಾವನೆ ರಚನಕಾರರಿಗೆ ಸಲ್ಲುತ್ತದೆ, ಹಾಡಿದವರಿಗಿಲ್ಲ. ರೆಡಿಂಗ್ ಅವರಾದರೋ 1967ರ ಜೂನ್ ತಿಂಗಳಲ್ಲಿ ಮಾಂಟೆರೆಯ ಉತ್ಸವದಲ್ಲಿ, ತಮ್ಮ ಹಾಡನ್ನು ಹುಡುಗಿಯೊಬ್ಬಳು ಕೊಂಡೊಯ್ದಳೆಂದು ವಿನೋದದಿಂದ ಒಪ್ಪಿಕೊಂಡರು. ಅದೇ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಕಾಯಿದೆ ಕಾಣದ ಕರ್ತೃತ್ವವನ್ನು ಮೂಲಕರ್ತೃವೇ ಕಂಡಿದ್ದರು.

ಫ್ರಾಂಕ್ಲಿನ್ ಅವರನ್ನು ಕೇಳಿದ ಬಳಿಕ ರೆಡಿಂಗ್ ಅವರ ಮುದ್ರಿಕೆಗೆ ಮರಳಿದರೆ, ಅಲ್ಲಿನ ಹೆಣ್ಣಿನ ಮೌನ ಮೊದಲ ಬಾರಿಗೆ ನಮ್ಮ ಕಿವಿಗೆ ಬೀಳುತ್ತದೆ. ಮೂಲವನ್ನೂ ಹೀಗೆ ಹೊಸದಾಗಿ ಕೇಳಿಸಬಲ್ಲ ಮರುಗಾಯನವನ್ನೇ ನಾವು ಉತ್ತಮವೆಂದು ಎಣಿಸುತ್ತೇವೆ.